ಯಾವ ಬಾಗಿಲಿಗೆ ಎಷ್ಟು ಅಂಕ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಎಷ್ಟು ಬಂತು?’ ಉತ್ತರ ಹೇಳಿ ಮುಗಿಸುವ ಮೊದಲೇ ಇನ್ನೊಂದು: ‘ಅಷ್ಟಕ್ಕೆ ಏನು ಸಿಗುತ್ತೆ?’ ಮೊದಲನೆಯದಕ್ಕೆ ಅಂಕಪಟ್ಟಿಯೇ ಉತ್ತರ. ಎರಡನೆಯದಕ್ಕೆ ಉತ್ತರ ಹೇಳುವವರು ನೆಂಟರು, ಪಕ್ಕದ ಮನೆಯವರು ಮತ್ತು ಸರ್ಕಲ್‌ನಲ್ಲಿ ಕಟ್ಟಿದ ಕೋಚಿಂಗ್ ಸೆಂಟರ್‌ಗಳ ಫ್ಲೆಕ್ಸ್‌ಗಳು. ಆ ಫ್ಲೆಕ್ಸ್‌ಗಳಲ್ಲಿ ನಗುವ ಮುಖಗಳೆಲ್ಲ ಶೇ 97, 98ರವು. ಶೇ 78 ತಂದ ಹುಡುಗ ಅವುಗಳ ಕೆಳಗೆ ತಲೆ ತಗ್ಗಿಸಿ ಓಡಾಡುತ್ತಾನೆ.

ನಾನು ಬಿ.ಎಸ್ಸಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಿಕೊಳ್ಳುತ್ತಿದ್ದೇನೆ. ಮಧ್ಯಾಹ್ನದ ಹೊತ್ತು ಊರಿನ ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಕೊಡುತ್ತೇನೆ. ‘ಅಕ್ಕಾ, ಎಷ್ಟು ಬಂದ್ರೆ ಒಳ್ಳೇದು?’ ಎಂದು ದಿನಕ್ಕೆ ಹತ್ತು ಮಂದಿಯಾದರೂ ಕೇಳುತ್ತಾರೆ. ಇದಕ್ಕೆ ಒಂದೇ ಸಂಖ್ಯೆಯ ಉತ್ತರ ಇಲ್ಲ. ಕೆಲವು ಬಾಗಿಲುಗಳಲ್ಲಿ ಅಂಕ ಬರೀ ಹೊಸ್ತಿಲು, ದಾಟಿದರೆ ಮುಗಿಯಿತು. ಕೆಲವು ಕಡೆ ಅದು ತಕ್ಕಡಿಯ ಒಂದು ಬಟ್ಟಲು. ಇನ್ನು ಕೆಲವು ಕಡೆ ಅದೊಂದೇ ಕೀಲಿಕೈ. ನಿಮ್ಮ ಬಾಗಿಲು ಯಾವುದು ಎಂದು ತಿಳಿಯದೆ ಅಂಕ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವುದು ಹೇಗೆ?

ಹೊಸ್ತಿಲಿನ ಮಾತು ಬೇಗ ಮುಗಿಯುತ್ತದೆ. ವೈದ್ಯಕೀಯಕ್ಕೆ ಭೌತ, ರಸಾಯನ, ಜೀವವಿಜ್ಞಾನದಲ್ಲಿ ಒಟ್ಟು ಶೇ 50 ಇದ್ದರೆ ಸಾಕು. ಮೀಸಲು ವರ್ಗಗಳಿಗೆ ಶೇ 40. ಆಮೇಲೆ ಲೆಕ್ಕಕ್ಕೆ ಬರುವುದು ನೀಟ್ ಒಂದೇ. ಎನ್‌ಐಟಿ ಬೇಕೆಂದರೆ ಹನ್ನೆರಡನೇ ತರಗತಿಯಲ್ಲಿ ಶೇ 75, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 65. ಇಲ್ಲವಾದರೆ ತಮ್ಮ ಮಂಡಳಿಯ ಮೇಲಿನ 20 ಪರ್ಸೆಂಟೈಲ್‌ನಲ್ಲಿದ್ದರೂ ನಡೆಯುತ್ತದೆ. ಅಲ್ಲಿ ರ‍್ಯಾಂಕ್ ಕೊಡುವುದು ಜೆಇಇ ಮಾತ್ರ. ಶೇ 76 ತಂದವನೂ ಶೇ 99 ತಂದವಳೂ ಹೊಸ್ತಿಲಿನ ಒಳಗೆ ಸಮಾನರು. ಹಿಂದೆ ಹೀಗಿರಲಿಲ್ಲ. 2013ರಿಂದ 2016ರವರೆಗೆ ಎನ್‌ಐಟಿ ರ‍್ಯಾಂಕ್‌ಗೆ ಬೋರ್ಡ್ ಅಂಕವೂ ಶೇ 40ರಷ್ಟು ಸೇರುತ್ತಿತ್ತು. ಬೇರೆ ಬೇರೆ ರಾಜ್ಯಗಳ ಮಂಡಳಿಗಳ ಅಂಕವನ್ನು ಒಂದೇ ಅಳತೆಗೆ ತರುವ ಕಸರತ್ತು ನಡೆಯುತ್ತಿತ್ತು. 2017ರಲ್ಲಿ ಅದನ್ನು ಕೈಬಿಟ್ಟರು. ಈ ವಿಷಯ ತಿಳಿಯದ ಅಣ್ಣಂದಿರು ಈಗಲೂ ಹಳೆಯ ಲೆಕ್ಕವನ್ನೇ ತಮ್ಮಂದಿರಿಗೆ ಹೇಳುತ್ತಿರುತ್ತಾರೆ.

ನಮ್ಮ ಸಿಇಟಿ ತಕ್ಕಡಿಯ ಜಾತಿಗೆ ಸೇರಿದ್ದು. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ಎಂಜಿನಿಯರಿಂಗ್‌ಗೆ ಅರ್ಹತೆ ಭೌತ, ರಸಾಯನ, ಗಣಿತದಲ್ಲಿ ಶೇ 45, ಮೀಸಲು ವರ್ಗಗಳಿಗೆ ಶೇ 40. ರ‍್ಯಾಂಕ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಆದರೆ ಆ ಪಿಯುಸಿ ಅರ್ಧ ಎಂದರೆ 600ರ ಒಟ್ಟು ಅಂಕ ಅಲ್ಲ, ಈ ಮೂರೇ ವಿಷಯಗಳ 300. ಕನ್ನಡದಲ್ಲಿ 99, ಇಂಗ್ಲಿಷ್‌ನಲ್ಲಿ 95, ನಾಲ್ಕನೇ ವಿಷಯದಲ್ಲಿ 97 ತಂದು ‘ನಮ್ಮ ಹುಡುಗಿಗೆ ತೊಂಬತ್ತು ಪರ್ಸೆಂಟ್’ ಎಂದು ಸಿಹಿ ಹಂಚಿದ ಮನೆಯಲ್ಲಿ, ರ‍್ಯಾಂಕ್ ಬಂದ ದಿನ ‘ಇಷ್ಟು ಹಿಂದೆ ಯಾಕೆ ಹೋಯಿತು?’ ಎಂದು ಗಾಬರಿಯಾಗುವುದು ಇದರಿಂದಲೇ.

ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬಳಿಗೆ ಮೂರು ವಿಷಯಗಳಲ್ಲಿ 300ಕ್ಕೆ 285, ಅಂದರೆ ಶೇ 95. ಸಿಇಟಿಯಲ್ಲಿ 180ಕ್ಕೆ 72, ಶೇ 40. ಎರಡರ ಸರಾಸರಿ 67.5. ಇನ್ನೊಬ್ಬನಿಗೆ 300ಕ್ಕೆ 246, ಶೇ 82. ಸಿಇಟಿಯಲ್ಲಿ 99, ಶೇ 55. ಸರಾಸರಿ 68.5. ಪಿಯುಸಿಯಲ್ಲಿ 39 ಅಂಕ ಹಿಂದಿದ್ದ ಹುಡುಗ ರ‍್ಯಾಂಕ್‌ನಲ್ಲಿ ಮುಂದೆ. ಪಿಯುಸಿಯ ಹತ್ತು ಅಂಕ ಸಿಇಟಿಯ ಆರು ಅಂಕಕ್ಕೆ ಸಮ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇಲ್ಲ. ತೂಕ ಸಮ ಎಂದು ನಿಯಮ ಹೇಳಿದರೂ ಹರವು ಸಮ ಅಲ್ಲ. ಸೀಟಿನ ಆಸೆ ಇರುವವರ ಪಿಯುಸಿ ಅಂಕಗಳು ಎಂಬತ್ತು, ತೊಂಬತ್ತರ ಆಸುಪಾಸಿನಲ್ಲೇ ಒತ್ತೊತ್ತಾಗಿ ಕೂತಿರುತ್ತವೆ. ಸಿಇಟಿ ಅಂಕಗಳು ಮೇಲಿಂದ ಕೆಳಗಿನವರೆಗೆ ಚೆಲ್ಲಿಕೊಂಡಿರುತ್ತವೆ. ಹಾಗಾಗಿ ನಿಜಕ್ಕೂ ಆಚೀಚೆ ಮಾಡುವುದು ಸಿಇಟಿಯೇ. ಇದು ಮಾರ್ಚ್‌ನಲ್ಲೇ ಗೊತ್ತಿದ್ದರೆ ಶೇ 82ರವನು ಎದೆಗುಂದದೆ ಸಿಇಟಿಗೆ ಕೂರುತ್ತಾನೆ. ಜೊತೆಗೆ ಹಳ್ಳಿಯಲ್ಲಿ ಹತ್ತು ವರ್ಷ ಓದಿದವರಿಗೆ ಶೇ 15, ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಆ ಪ್ರಮಾಣಪತ್ರ ಮಾಡಿಸಿಕೊಳ್ಳದೆ ಎರಡು ಅಂಕಕ್ಕಾಗಿ ಕೊರಗುವವರನ್ನು ಪ್ರತಿವರ್ಷ ನೋಡುತ್ತೇನೆ.

ಇನ್ನು ಕೀಲಿಕೈ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಪರೀಕ್ಷೆಯೇ ಇಲ್ಲ, ಹತ್ತನೇ ತರಗತಿಯ ಅಂಕವೇ ಎಲ್ಲ. ಅಲ್ಲಿ ಅರ್ಧ ಅಂಕಕ್ಕೂ ಬೆಲೆಯಿದೆ. ನಮ್ಮ ರಾಜ್ಯದ ಗ್ರಾಮ ಲೆಕ್ಕಿಗರನ್ನು ಮೊದಲು ಪಿಯುಸಿ ಅಂಕ ನೋಡಿಯೇ ಆರಿಸುತ್ತಿದ್ದರು. 2024ರಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಬಂತು, ಆ ಅಂಕ ಹೊಸ್ತಿಲಿಗೆ ಇಳಿಯಿತು. ದೆಹಲಿ ವಿಶ್ವವಿದ್ಯಾಲಯದ್ದು ಇನ್ನೂ ದೊಡ್ಡ ಉದಾಹರಣೆ. 2021ರಲ್ಲಿ ಅಲ್ಲಿನ ಕೆಲವು ಕಾಲೇಜುಗಳ ಕಟ್‌ಆಫ್ ಶೇ 100 ಇತ್ತು. ಮರುವರ್ಷ ಸಿಯುಇಟಿ ಪರೀಕ್ಷೆ ಬಂದದ್ದೇ ತಡ, ನೂರು ತಂದವರೂ ಎಪ್ಪತ್ತು ತಂದವರೂ ಒಂದೇ ಸಾಲಿನಲ್ಲಿ ಕೂತು ಪರೀಕ್ಷೆ ಬರೆದರು. ‘ಒಳ್ಳೆಯ ಅಂಕ’ ಎಂಬುದರ ಬೆಲೆ ಒಂದು ಆದೇಶದಿಂದ ಹೀಗೆ ಏರಿಳಿಯುತ್ತದೆ.

ನನ್ನ ಬ್ಯಾಚಿನವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 2021ರಲ್ಲಿ ಕೋವಿಡ್‌ನಿಂದ ನಮ್ಮ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್‌ಎಸ್‌ಎಲ್‌ಸಿ ಅಂಕದಿಂದ ಶೇ 45, ಪ್ರಥಮ ಪಿಯುಸಿಯಿಂದ ಶೇ 45, ದ್ವಿತೀಯ ಪಿಯುಸಿಯ ಆಂತರಿಕ ಮೌಲ್ಯಮಾಪನದಿಂದ ಶೇ 10 ಸೇರಿಸಿ ಫಲಿತಾಂಶ ಕಟ್ಟಿದರು. ಪರೀಕ್ಷೆ ಬರೆಯದೆಯೇ 2,239 ಮಂದಿಗೆ 600ಕ್ಕೆ 600 ಬಂತು. ನನಗೆ ಬಂದದ್ದು ಶೇ 84. ಆ ವರ್ಷ ಸಿಇಟಿ ರ‍್ಯಾಂಕ್‌ಗೆ ಪಿಯುಸಿ ಅಂಕವನ್ನು ಸೇರಿಸಲೇ ಇಲ್ಲ. ಮರುವರ್ಷ ನಮ್ಮ ಬ್ಯಾಚಿನವರು ಮತ್ತೆ ಸಿಇಟಿ ಬರೆದಾಗಲೂ ಅವರ ಪಿಯುಸಿ ಅಂಕವನ್ನು ಬಿಟ್ಟು ರ‍್ಯಾಂಕ್ ಕೊಟ್ಟರು. ಹೊಸಬರಿಗೆ ಐವತ್ತು–ಐವತ್ತು, ಇವರಿಗೆ ಸಿಇಟಿ ಮಾತ್ರ. ಸಾವಿರಾರು ಮಂದಿಯ ರ‍್ಯಾಂಕ್ ಹಿಂದಕ್ಕೆ ಜಾರಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿ, ರ‍್ಯಾಂಕ್ ಪಟ್ಟಿ ಬದಲಾಯಿತು. ಒಂದೇ ಅಂಕಪಟ್ಟಿ ಒಂದು ತಿಂಗಳು ಕಾಗದದ ಚೂರು, ಮತ್ತೊಂದು ತಿಂಗಳು ಸೀಟು! ಮೊನ್ನೆಯ ಸಂದರ್ಶನವೊಂದರಲ್ಲಿ ನನ್ನ ಪಿಯುಸಿ ವರ್ಷ ನೋಡಿ ‘ಓ, ಕೊರೊನಾ ಪಾಸಾ?’ ಎಂದು ಒಬ್ಬರು ನಕ್ಕರು. ಆ ಶೇ 84ರಲ್ಲಿ ನಾನು ಬರೆದ ಎಸ್‌ಎಸ್‌ಎಲ್‌ಸಿಯೂ ಪ್ರಥಮ ಪಿಯುಸಿಯೂ ಇದ್ದವು ಎಂದು ಹೇಳಿದೆ. ಕೇಳಿಸಿಕೊಳ್ಳುವ ವ್ಯವಧಾನ ಅವರಿಗಿರಲಿಲ್ಲ.

ಕೆಲಸ ಹುಡುಕುವವರಿಗೆ ಇನ್ನೊಂದು ಹೊಸ್ತಿಲು ಕಾದಿರುತ್ತದೆ, ನನಗೆ ಅತಿ ಅನ್ಯಾಯವೆನಿಸುವುದು ಅದೇ. ಕ್ಯಾಂಪಸ್ ಸಂದರ್ಶನಕ್ಕೆ ಬರುವ ಎಷ್ಟೋ ಕಂಪನಿಗಳು ಹತ್ತನೇ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇ 60 ಕೇಳುತ್ತವೆ. ನನ್ನ ಗೆಳೆಯನೊಬ್ಬ ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ. ಹತ್ತನೇ ತರಗತಿಯ ವರ್ಷ ಅಪ್ಪ ಹಾಸಿಗೆ ಹಿಡಿದಿದ್ದರು. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಶಾಲೆಗೆ ಹೋಗುತ್ತಿದ್ದ, ಶೇ 57 ಬಂತು. ಏಳು ವರ್ಷದ ನಂತರ ಕಂಪ್ಯೂಟರ್ ಅವನ ಅರ್ಜಿಯನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಕಾಲೇಜು ಪ್ರವೇಶಕ್ಕೆ ಹೊಸ್ತಿಲು ಇಡುವುದಕ್ಕೆ ಕಾರಣವಿದೆ, ಮುಂದಿನ ಪಾಠ ಹಿಂದಿನದರ ಮೇಲೆ ನಿಂತಿರುತ್ತದೆ. ಆದರೆ ಪದವಿ ಮುಗಿಸಿ, ಪ್ರೋಗ್ರಾಂ ಬರೆದು ತೋರಿಸಬಲ್ಲವನ ಹದಿನೈದನೇ ವಯಸ್ಸಿನ ಸಮಾಜ ವಿಜ್ಞಾನದ ಅಂಕದಿಂದ ಕಂಪನಿಗೆ ತಿಳಿಯುವುದಾದರೂ ಏನು? ಅರ್ಜಿಗಳ ರಾಶಿಯನ್ನು ಅರ್ಧಕ್ಕೆ ಇಳಿಸುವ ಸುಲಭದ ಜರಡಿ ಇದು, ಅಷ್ಟೇ. ಐಎಎಸ್ ಪರೀಕ್ಷೆಗೂ ಕೆಎಎಸ್ ಪರೀಕ್ಷೆಗೂ ಪದವಿ ಪಾಸಾಗಿದ್ದರೆ ಸಾಕು, ಶೇಕಡಾವಾರು ಕೇಳುವುದಿಲ್ಲ. ಜಿಲ್ಲೆ ಆಳಲು ಬೇಡದ ಶೇ 60 ಕೋಡ್ ಬರೆಯಲು ಬೇಕಂತೆ. ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳು ಕಂಪನಿಗಳನ್ನು ಕರೆಯುವಾಗಲೇ ಇದನ್ನು ಪ್ರಶ್ನಿಸಬೇಕು. ಹಾಗೆ ಪ್ರಶ್ನಿಸಿದವರನ್ನು ನಾನಂತೂ ಕಂಡಿಲ್ಲ.

ಇದೆಲ್ಲ ಗುಟ್ಟಿನ ಮಾಹಿತಿಯೇನಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕದಲ್ಲೂ ಆಯಾ ಅಧಿಸೂಚನೆಗಳಲ್ಲೂ ಇದೆ. ಆದರೆ ಅಷ್ಟು ಪುಟ ತಿರುವಿ, ಆ ಭಾಷೆ ಅರ್ಥ ಮಾಡಿಕೊಳ್ಳುವ ಸೌಲಭ್ಯ ಎಷ್ಟು ಮನೆಗಳಲ್ಲಿದೆ? ಪ್ರತಿ ಪಿಯು ಕಾಲೇಜು ಜೂನ್‌ನಲ್ಲಿ, ಅಂದರೆ ದ್ವಿತೀಯ ಪಿಯುಸಿ ಶುರುವಾಗುವಾಗಲೇ, ಯಾವ ಕೋರ್ಸಿಗೆ ಯಾವ ವಿಷಯದ ಅಂಕ ಎಷ್ಟರಮಟ್ಟಿಗೆ ಲೆಕ್ಕಕ್ಕೆ ಬರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಿದರೆ ಆಗುವ ಖರ್ಚು ನಾಲ್ಕು ಗುಂಡುಸೂಜಿ.

2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶಗಳಿವೆ. ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಎರಡನೇ ಪರೀಕ್ಷೆಯ ಅಂಕ ಸಿಇಟಿ ರ‍್ಯಾಂಕ್‌ಗೆ ಸೇರುತ್ತದೆಯೇ ಎಂಬುದನ್ನು ಮಾತ್ರ ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಫಲಿತಾಂಶದ ಮರುದಿನವೇ ‘ಅಕ್ಕಾ, ಕನ್ನಡದಲ್ಲಿ 88 ಬಂದಿದೆ, ಇನ್ನೊಂದ್ಸಲ ಬರೆದು 95 ಮಾಡ್ಕೊಳ್ಲಾ?’ ಎಂದು ಕೇಳುವವರು ಬರುತ್ತಾರೆ. ಮುಂದೆ ಏನು ಓದುತ್ತೀಯ ಎಂದು ವಿಚಾರಿಸುತ್ತೇನೆ. ಎಂಜಿನಿಯರಿಂಗ್ ಎಂದರೆ, ಕನ್ನಡ ಹಾಗೇ ಇರಲಿ, ಕೆಮಿಸ್ಟ್ರಿಯಲ್ಲಿ ಎಷ್ಟು ಬಂತು ಹೇಳು ಎನ್ನುತ್ತೇನೆ.