ಕರ್ತೃವಿಲ್ಲದ ಉತ್ತರ: ಶಾಸನಸಭೆಯ ಪ್ರಶ್ನೋತ್ತರದ ಕನ್ನಡ

1

ಆಡಳಿತ ಕನ್ನಡವನ್ನು ಕುರಿತ ಚರ್ಚೆ ಕನ್ನಡ ವಿಭಾಗಗಳಲ್ಲಿ ಹೊಸದಲ್ಲ. 1963ರ ರಾಜಭಾಷಾ ಅಧಿನಿಯಮದ ನಂತರ ಪಾರಿಭಾಷಿಕ ಪದಗಳ ರಚನೆ, ಕಡತಗಳ ಭಾಷೆ, ಅನುವಾದದ ತೊಡಕುಗಳು ಮೊದಲಾದ ವಿಷಯಗಳನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಈ ಬರಹಗಳಲ್ಲಿ ಬಹುಪಾಲು ಒಂದು ಗ್ರಹಿಕೆಯನ್ನು ಒಪ್ಪಿಕೊಂಡೇ ಮುಂದುವರಿಯುತ್ತವೆ: ಇಂಗ್ಲಿಷಿನ ಜಾಗದಲ್ಲಿ ಕನ್ನಡ ಬಂದರೆ ಆಡಳಿತವು ಜನರಿಗೆ ಹತ್ತಿರವಾಗುತ್ತದೆ ಎಂಬುದು ಆ ಗ್ರಹಿಕೆ. ಈ ಗ್ರಹಿಕೆಯನ್ನು ಪರೀಕ್ಷೆಗೆ ಒಡ್ಡಬಲ್ಲ ಪ್ರಕಾರವೊಂದು ಮಾತ್ರ ಸಂಶೋಧಕರ ಕಣ್ಣಿಗೆ ಬಿದ್ದಂತಿಲ್ಲ. ಶಾಸಕರು ಸರ್ಕಾರದ ವೆಚ್ಚವನ್ನು, ಸೇವೆಯನ್ನು ಕುರಿತು ಕೇಳುವ ಪ್ರಶ್ನೆ ಹಾಗೂ ಅದಕ್ಕೆ ಸಚಿವರು ನೀಡುವ ಲಿಖಿತ ಉತ್ತರವೇ ಆ ಪ್ರಕಾರ. ಇಲ್ಲಿ ಕನ್ನಡ ಬಂದಾಗಿದೆ. ಆದರೆ ಆ ಕನ್ನಡದಲ್ಲಿ ಲೆಕ್ಕ ಹೇಳುವವರು ಯಾರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆಡಳಿತ ಕನ್ನಡದ ಮುಖ್ಯ ಸಮಸ್ಯೆ ಪದಕೋಶದ್ದಲ್ಲ, ಕರ್ತೃವಿನದು.

2

ಕೇಳುವ ಹಕ್ಕಿಗೆ ತನ್ನದೇ ಚರಿತ್ರೆಯಿದೆ. ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು ಮೊದಲ ಬಾರಿಗೆ ಸೇರಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರು ಆಡಳಿತದ ವರದಿಯನ್ನು ಮಂಡಿಸಿದರು. ಪ್ರತಿನಿಧಿಗಳು ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಂಡರು. ಅದು ಬಿನ್ನಹದ ನೆಲೆ. ಬ್ರಿಟಿಷ್ ಪ್ರಾಂತಗಳಲ್ಲಿ 1892ರ ಶಾಸನವು ಪರಿಷತ್ತಿನ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶವನ್ನು ಕೊಟ್ಟಿತು. ಉತ್ತರದ ಮೇಲೆ ಮತ್ತೆ ಪ್ರಶ್ನಿಸುವ ಅವಕಾಶ ಬಂದದ್ದು 1909ರ ಶಾಸನದಿಂದ. ಬಿನ್ನಹ ಮತ್ತು ಪ್ರಶ್ನೆಗಳ ನಡುವಿನ ಅಂತರ ಈ ಎರಡನೆಯ ಅವಕಾಶದಲ್ಲಿಯೇ ಅಡಗಿದೆ. ಬಿನ್ನಹಕ್ಕೆ ಅನುಗ್ರಹ ಸಾಕು. ಪ್ರಶ್ನೆಗೆ ಉತ್ತರ ಬೇಕು, ಆ ಉತ್ತರವು ಮರುಪ್ರಶ್ನೆಯನ್ನು ತಾಳಿಕೊಳ್ಳಬೇಕು.

ಬೆಳಗಾವಿ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಕೃಷ್ಣಾ ತೀರದ ಕುಡಚಿ, ರಾಯಬಾಗ, ಅಥಣಿ ಭಾಗದ ಜನರ ಪ್ರಶ್ನೆಗಳು ಕನ್ನಡದ ಶಾಸನಸಭೆಯನ್ನು ತಲುಪಿದ್ದು ಏಕೀಕರಣದ ತರುವಾಯ. 2006ರಲ್ಲಿ ಬೆಳಗಾವಿಯಲ್ಲಿಯೇ ಅಧಿವೇಶನ ನಡೆಯಿತು; 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಗೊಂಡಿತು. 2008ರ ಚುನಾವಣೆಯಿಂದ ಕುಡಚಿಯು ಪರಿಶಿಷ್ಟ ಜಾತಿಗೆ ಮೀಸಲಾದ ಪ್ರತ್ಯೇಕ ಮತಕ್ಷೇತ್ರವಾಯಿತು. ಹೀಗೆ ಸದನವೂ, ಪ್ರತಿನಿಧಿಯೂ, ಭಾಷೆಯೂ ಹತ್ತಿರ ಬಂದಿರುವ ಊರಿಗೆ ಉತ್ತರವೂ ಹತ್ತಿರ ಬಂದಿದೆಯೇ ಎಂದು ಕೇಳುವುದು ಅಸಂಗತವಾಗಲಾರದು.

3

ವಿಧಾನಸಭೆಯ ಪ್ರಶ್ನೋತ್ತರದ ರೂಪವನ್ನು ಮೊದಲು ಗಮನಿಸಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಉತ್ತರಿಸುತ್ತಾರೆ, ಅದರ ಮೇಲೆ ಉಪಪ್ರಶ್ನೆಗೆ ಅವಕಾಶವಿರುತ್ತದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರವಷ್ಟೇ. ಗದ್ದಲದಿಂದ ಕಲಾಪ ಮುಂದಕ್ಕೆ ಹೋದ ದಿನ ಚುಕ್ಕೆ ಗುರುತಿನ ಪ್ರಶ್ನೆಯ ಗತಿಯೂ ಇದೇ: ಉತ್ತರವು ಸದನದ ಮೇಜನ್ನು ಸೇರುತ್ತದೆ, ಉಪಪ್ರಶ್ನೆ ಉಳಿದುಬಿಡುತ್ತದೆ. ಆದ್ದರಿಂದ ಬರೆದುಕೊಟ್ಟ ವಾಕ್ಯವೇ ಇಲ್ಲಿ ಸರ್ವಸ್ವ. ಎರಡು ಅಂಕಣಗಳ ಆ ಪುಟದಲ್ಲಿ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯು (ಅ), (ಆ), (ಇ) ಎಂದು ವಿಭಾಗಗೊಂಡಿರುತ್ತದೆ.

ಕುಡಚಿಗೂ ಹೊಳೆಯ ಆಚೆ ದಡದ ಉಗಾರಕ್ಕೂ ನಡುವೆ ಕೃಷ್ಣೆಗೆ ಅಡ್ಡಲಾಗಿರುವ ಸೇತುವೆಯು ಜಮಖಂಡಿ–ಮೀರಜ ರಸ್ತೆಯ ಕೊಂಡಿ. 2019 ಮತ್ತು 2021ರ ಪ್ರವಾಹಗಳಲ್ಲಿ ಅದು ಮುಳುಗಿತು. ದಡದಿಂದ ದಡಕ್ಕೆ ಹೋಗಬೇಕಾದವರು ದೂರದ ದಾರಿ ಹಿಡಿಯಬೇಕಾಯಿತು. ಇಂಥ ಸಂದರ್ಭದಲ್ಲಿ ರೂಢಿಯ ಪ್ರಶ್ನೆಯ ಮಾದರಿ ಹೀಗಿರುತ್ತದೆ: (ಅ) ಸೇತುವೆಯು ಪದೇಪದೇ ಮುಳುಗಡೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಈ ಬಗ್ಗೆ ಕೈಗೊಂಡ ಕ್ರಮಗಳೇನು? ಉತ್ತರದ ಮಾದರಿಯೂ ಅಷ್ಟೇ ಪರಿಚಿತ: (ಅ) ಬಂದಿದೆ. (ಆ) ಪ್ರಸ್ತಾವನೆಯು ಪರಿಶೀಲನೆಯಲ್ಲಿದೆ. ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು.

ಈ ಉತ್ತರದಲ್ಲಿ ಸುಳ್ಳಿಲ್ಲ. ಕೊರತೆ ಇರುವುದು ವ್ಯಾಕರಣದಲ್ಲಿ. ಕನ್ನಡದಲ್ಲಿ ಕರ್ತೃವನ್ನು ಹಿಂದಕ್ಕೆ ಸರಿಸುವ ಎರಡು ಬಗೆಗಳಿವೆ. ‘ಕಾಮಗಾರಿಯು ಇಲಾಖೆಯಿಂದ ಪೂರ್ಣಗೊಳಿಸಲ್ಪಟ್ಟಿತು’ ಎಂಬ ‘ಅಲ್ಪಡು’ ರೂಪದ ಕರ್ಮಣಿ ಪ್ರಯೋಗದಲ್ಲಿ ಕರ್ಮವು ಪ್ರಥಮಾ ವಿಭಕ್ತಿಗೆ ಬರುತ್ತದೆ, ಕರ್ತೃವಿಗೆ ತೃತೀಯೆಯಲ್ಲಿ ಒಂದು ಸ್ಥಾನ ಉಳಿದಿರುತ್ತದೆ. ಅದನ್ನು ಬಿಟ್ಟರೆ ಬಿಟ್ಟದ್ದು ತಿಳಿಯುತ್ತದೆ. ‘ಕಾಮಗಾರಿಯನ್ನು ಪೂರ್ಣಗೊಳಿಸಲಾಗಿದೆ’ ಎಂಬ ರೂಪದಲ್ಲಾದರೋ ಕರ್ಮವು ದ್ವಿತೀಯೆಯಲ್ಲಿಯೇ ನಿಂತಿರುತ್ತದೆ, ಮಾಡಿದವರ ಜಾಗ ಮಾತ್ರ ಬರಿದಾಗಿರುತ್ತದೆ. ಬರಿದಾಗಿರುವುದು ಓದುಗರಿಗೆ ಅಡ್ಡಿಯಾಗುವುದೂ ಇಲ್ಲ. ಪತ್ರಿಕೆ, ಕಚೇರಿ, ತರಗತಿಗಳ ಮೂಲಕ ಈ ರೂಪವು ಇಷ್ಟು ಸಹಜವಾಗಿಬಿಟ್ಟಿದೆಯೆಂದರೆ ಸಂಶೋಧನ ಪ್ರಬಂಧಗಳೂ ಅದರಲ್ಲಿಯೇ ಉಸಿರಾಡುತ್ತವೆ. ‘ಉದ್ಭವಿಸುವುದಿಲ್ಲ’ ಎಂಬ ಇನ್ನೊಂದು ಉತ್ತರವಂತೂ ಪ್ರಶ್ನೆಯು ತಾನಾಗಿಯೇ ಮೂಡುವ ವಸ್ತುವೆಂಬಂತೆ ನಡೆದುಕೊಂಡು, ಕೇಳಿದವರನ್ನೇ ಮರೆಸುತ್ತದೆ.

ದೋಷವೆಲ್ಲ ಉತ್ತರದ್ದೇ ಎನ್ನುವಂತಿಲ್ಲ. ‘ಗಮನಕ್ಕೆ ಬಂದಿದೆಯೇ’ ಎಂಬ ಪ್ರಶ್ನೆಯು ಸರ್ಕಾರದ ಅರಿವನ್ನು ವಿಚಾರಿಸುತ್ತದೆಯೇ ಹೊರತು ಅದರ ವೆಚ್ಚವನ್ನಲ್ಲ. ‘ಬಂದಿದೆ’ ಎನ್ನುವುದು ಅದಕ್ಕೆ ಪರಿಪೂರ್ಣ ಉತ್ತರ. ಬಿನ್ನಹದ ವಿನಯವು ಪ್ರಶ್ನೆಯ ವೇಷದಲ್ಲಿ ಇಲ್ಲಿ ಇನ್ನೂ ಉಳಿದುಕೊಂಡಿದೆ.

4

ವೆಚ್ಚವನ್ನು ಕುರಿತ ಪ್ರಶ್ನೆಯಲ್ಲಿ ಈ ಸಮಸ್ಯೆ ಇನ್ನಷ್ಟು ಗಂಭೀರವಾಗುತ್ತದೆ. ಸಂವಿಧಾನದ 203ನೆಯ ಅನುಚ್ಛೇದದ ಪ್ರಕಾರ ಸರ್ಕಾರವು ವೆಚ್ಚದ ಅಂದಾಜನ್ನು ಅನುದಾನದ ಬೇಡಿಕೆಯ ರೂಪದಲ್ಲಿ ವಿಧಾನಸಭೆಯ ಮುಂದಿಡಬೇಕು. ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು ಕೊಟ್ಟ ಸಭೆಯ ಹಕ್ಕು. ಆದರೆ ಹಣವು ಸದನದಿಂದ ಹೊರಟು ಊರನ್ನು ಮುಟ್ಟುವ ದಾರಿಯಲ್ಲಿ ಮಂಜೂರು, ಬಿಡುಗಡೆ, ವೆಚ್ಚ ಎಂಬ ಮೂರು ಬೇರೆಬೇರೆ ಹಂತಗಳಿವೆ. ಮಂಜೂರಾದದ್ದು ಬಿಡುಗಡೆಯಾಗದೆ ಇರಬಹುದು. ಬಿಡುಗಡೆಯಾದದ್ದು ಖರ್ಚಾಗದೆ ಉಳಿಯಬಹುದು. ‘ಅನುದಾನವನ್ನು ಒದಗಿಸಲಾಗಿದೆ’ ಎಂಬ ಒಂದೇ ವಾಕ್ಯವು ಈ ಮೂರನ್ನೂ ನುಂಗಿಹಾಕುತ್ತದೆ. ಕ್ರಿಯಾಪದದ ಆಯ್ಕೆಯೇ ಇಲ್ಲಿ ಲೆಕ್ಕಪತ್ರದ ಆಯ್ಕೆ.

2019ರ ನೆರೆಯ ನಂತರ ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಲಾಯಿತು. ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರವೆಂದು ಸರ್ಕಾರ ಘೋಷಿಸಿತು. ಪರಿಹಾರವು ಕಂತುಗಳಲ್ಲಿ ಬರುವಂಥದ್ದು. ಆದ್ದರಿಂದ ‘ಪರಿಹಾರ ನೀಡಲಾಗಿದೆ’ ಎಂಬ ಉತ್ತರವು ಮೊದಲ ಕಂತು ಪಡೆದು ಅಡಿಪಾಯದಲ್ಲಿ ನಿಂತ ಮನೆಗೂ, ಕೊನೆಯ ಕಂತು ಪಡೆದು ಗೃಹಪ್ರವೇಶವಾದ ಮನೆಗೂ ಸಮನಾಗಿ ಅನ್ವಯಿಸುತ್ತದೆ. ಮನೆಯನ್ನು ಯಾವ ವರ್ಗಕ್ಕೆ ಸೇರಿಸಿದವರು ಯಾರು, ಆಕ್ಷೇಪಣೆಯನ್ನು ಆಲಿಸಿದವರು ಯಾರು ಎಂಬ ಪ್ರಶ್ನೆಗಳು ಆ ವಾಕ್ಯದ ಹೊರಗೇ ನಿಲ್ಲುತ್ತವೆ.

ಬಾಗಲಕೋಟೆ–ಕುಡಚಿ ರೈಲುಮಾರ್ಗ ಇನ್ನೊಂದು ಉದಾಹರಣೆ. 2010–11ರಲ್ಲಿ ಮಂಜೂರಾದ ಸುಮಾರು 142 ಕಿಲೋಮೀಟರ್ ಉದ್ದದ ಈ ಯೋಜನೆಯ ವೆಚ್ಚವನ್ನು ರೈಲ್ವೆ ಮತ್ತು ರಾಜ್ಯ ಸರ್ಕಾರ ಅರ್ಧರ್ಧ ಭರಿಸಬೇಕು, ಭೂಮಿಯನ್ನು ರಾಜ್ಯವೇ ಕೊಡಬೇಕು ಎಂಬುದು ಒಪ್ಪಂದ. ಮಾರ್ಗವು ಬಾಗಲಕೋಟೆಯ ಕಡೆಯಿಂದ ಖಜ್ಜಿಡೋಣಿಯನ್ನು ಮುಟ್ಟಿತಾದರೂ ಒಂದೂವರೆ ದಶಕದಲ್ಲಿ ಕುಡಚಿಯವರೆಗೆ ಪೂರ್ಣಗೊಳ್ಳಲಿಲ್ಲ. ಹಳಿಯನ್ನು ಕುರಿತು ಕೇಳಬೇಕಾದದ್ದು ಸಂಸತ್ತಿನಲ್ಲಿ, ಭೂಸ್ವಾಧೀನವನ್ನು ಕುರಿತು ಕೇಳಬೇಕಾದದ್ದು ವಿಧಾನಸಭೆಯಲ್ಲಿ. ಕರ್ತೃಗಳು ಇಬ್ಬರಿರುವಲ್ಲಿ ಕರ್ತೃವಿಲ್ಲದ ವಾಕ್ಯವು ಇಬ್ಬರಿಗೂ ಅನುಕೂಲ. ‘ಭೂಸ್ವಾಧೀನ ಪ್ರಕ್ರಿಯೆಯು ಪ್ರಗತಿಯಲ್ಲಿದೆ’ ಎಂದು ಒಂದು ಕಡೆಯವರು ಬರೆದರೆ, ‘ಭೂಮಿ ಲಭ್ಯವಾದ ನಂತರ ಕಾಮಗಾರಿಯನ್ನು ಕೈಗೆತ್ತಿಕೊಳ್ಳಲಾಗುವುದು’ ಎಂದು ಇನ್ನೊಂದು ಕಡೆಯವರು ಬರೆಯಬಹುದು. ಎರಡೂ ಸರಿಯಾದ ವಾಕ್ಯಗಳೇ. ಆದರೆ ಎರಡನ್ನು ಕೂಡಿಸಿದರೂ ಒಂದು ಉತ್ತರವಾಗುವುದಿಲ್ಲ.

5

ಇದಕ್ಕೆ ಒಂದು ಆಕ್ಷೇಪ ಸಾಧ್ಯ. ಸಂವಿಧಾನದ 164ನೆಯ ಅನುಚ್ಛೇದದ ಪ್ರಕಾರ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಉತ್ತರದ ಕೆಳಗೆ ಸಚಿವರ ಹೆಸರು ಇದ್ದೇ ಇರುತ್ತದೆ. ಅಂದಮೇಲೆ ವಾಕ್ಯದೊಳಗೆ ಮತ್ತೆ ಕರ್ತೃವನ್ನು ಹುಡುಕುವುದು ಅಧಿಕಾರಿಗಳನ್ನು ಕಟಕಟೆಗೆ ತರುವ ಹಟವಲ್ಲವೇ? ಈ ಮಾತಿನಲ್ಲಿ ತಥ್ಯವಿದೆ. ಕೆಳಹಂತದ ನೌಕರನ ಹೆಸರನ್ನು ಸದನದಲ್ಲಿ ಎತ್ತಿ ಹೊಣೆಯನ್ನು ಅವನ ತಲೆಗೆ ಕಟ್ಟುವುದು ಪ್ರಜಾಪ್ರಭುತ್ವದ ರೀತಿಯಲ್ಲ. ಆದರೆ ಇಲ್ಲಿ ಬೇಡುತ್ತಿರುವುದು ವ್ಯಕ್ತಿಯ ಹೆಸರನ್ನಲ್ಲ. ಕಚೇರಿ, ದಿನಾಂಕ, ಲೆಕ್ಕಶೀರ್ಷಿಕೆ, ಮೊತ್ತ ಇವುಗಳನ್ನು. ಸಾಮೂಹಿಕ ಹೊಣೆಯೆಂದರೆ ಎಲ್ಲರೂ ಉತ್ತರಿಸಬೇಕಾದ ಹೊಣೆ. ಯಾರೂ ಉತ್ತರಿಸದೆ ಇರಲು ಅದು ರಹದಾರಿಯಲ್ಲ.

ಕನ್ನಡಕ್ಕೆ ಈ ನಿಖರತೆ ಅಪರಿಚಿತವೂ ಅಲ್ಲ. ಶಾಸಕ, ಶಾಸನಸಭೆ ಎಂಬ ಪದಗಳು ಯಾವ ಮೂಲದಿಂದ ಬಂದವೋ ಆ ಶಾಸನಗಳನ್ನೇ ನೋಡಬಹುದು. ರಟ್ಟರು ಆಳಿದ ಇದೇ ಸೀಮೆಯ ದತ್ತಿ ಶಾಸನಗಳೂ ಸೇರಿದಂತೆ ಕನ್ನಡದ ದಾನಶಾಸನಗಳು ಸಾಮಾನ್ಯವಾಗಿ ಕೊಟ್ಟವರು ಯಾರು, ಪಡೆದವರು ಯಾರು, ಯಾವ ದಿನ, ಎಷ್ಟು ಭೂಮಿ, ಯಾವ ಅಳತೆ, ಯಾವ ಎಲ್ಲೆ, ಯಾವ ಉದ್ದೇಶ ಎಂಬುದನ್ನು ಕಲ್ಲಿನ ಮೇಲೆ ಬಿಡಿಸಿ ಹೇಳುತ್ತವೆ. ಅದು ಅರಸೊತ್ತಿಗೆಯ ಕಾಲ, ಅಲ್ಲಿ ಪ್ರಶ್ನಿಸುವ ಹಕ್ಕು ಪ್ರಜೆಗಳಿಗಿರಲಿಲ್ಲ ಎಂಬುದು ನಿಜ. ಆದರೂ ಕೊಟ್ಟದ್ದನ್ನು ಕೊಟ್ಟವರ ಹೆಸರಿನೊಂದಿಗೆ ಹೇಳುವ ವಾಕ್ಯರಚನೆ ಕನ್ನಡಕ್ಕಿತ್ತು. ಪ್ರಶ್ನಿಸುವ ಹಕ್ಕು ಬಂದ ಕಾಲದಲ್ಲಿ ಆ ವಾಕ್ಯ ಮಸುಕಾಗಿರುವುದು ವಿಪರ್ಯಾಸ.

6

ಕನ್ನಡ ವಿಭಾಗಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಸ್ಪಷ್ಟವಾಗಿದೆ. ವಿಧಾನಮಂಡಲದ ನಡವಳಿಗಳು ಸಂಪುಟಗಳಲ್ಲಿಯೂ, ಈಚಿನವು ಜಾಲತಾಣದಲ್ಲಿಯೂ ದೊರೆಯುತ್ತವೆ. ಏಕೀಕರಣದಿಂದ ಇಂದಿನವರೆಗೆ ಒಂದು ತಾಲ್ಲೂಕನ್ನು ಕುರಿತ ಪ್ರಶ್ನೋತ್ತರಗಳನ್ನು ಕಾಲಾನುಕ್ರಮದಲ್ಲಿ ಸಂಗ್ರಹಿಸಿ, ‘ಲಾಗಿದೆ’, ‘ಲಾಗುವುದು’, ‘ಪರಿಶೀಲನೆಯಲ್ಲಿದೆ’ ಎಂಬ ರೂಪಗಳು ಯಾವಾಗ, ಯಾವ ಇಲಾಖೆಯಲ್ಲಿ, ಯಾವ ಬಗೆಯ ಪ್ರಶ್ನೆಗೆ ಹೆಚ್ಚುತ್ತವೆ ಎಂದು ಪರಿಶೀಲಿಸುವುದು ಒಂದು ಪಿಎಚ್.ಡಿ. ಅಧ್ಯಯನಕ್ಕೆ ಸಾಕಾಗುವ ವಸ್ತು. ಪದವಿ ತರಗತಿಯ ಆಡಳಿತ ಕನ್ನಡದ ಪಠ್ಯದಲ್ಲಿ ಸುತ್ತೋಲೆ, ಜ್ಞಾಪನ, ಅರ್ಜಿಗಳ ಜೊತೆಗೆ ಒಂದು ಪ್ರಶ್ನೋತ್ತರವನ್ನೂ ಸೇರಿಸಬೇಕು. ‘ಗಮನಕ್ಕೆ ಬಂದಿದೆಯೇ’ ಎಂಬುದನ್ನು ‘ಯಾವ ಕಚೇರಿ, ಯಾವ ದಿನ, ಎಷ್ಟು ಮಂಜೂರು, ಎಷ್ಟು ಬಿಡುಗಡೆ, ಎಷ್ಟು ವೆಚ್ಚ’ ಎಂದು ತಿದ್ದಿ ಬರೆಯುವುದು ವಿದ್ಯಾರ್ಥಿಗಳಿಗೆ ವ್ಯಾಕರಣದ ಪಾಠವೂ ಹೌದು, ಪೌರನೀತಿಯ ಪಾಠವೂ ಹೌದು. ಕಾರಕಗಳನ್ನು ಕಲಿಸುವ ವಿಭಾಗವೇ ಕರ್ತೃ ಎಲ್ಲಿ ಎಂದು ಕೇಳದಿದ್ದರೆ, ಸದನದಲ್ಲಿ ಅದನ್ನು ಕೇಳುವ ಭಾಷೆ ಶಾಸಕರಿಗೆ ಬೇರೆಲ್ಲಿಂದಲೂ ಬರಲಾರದು.