ಎರಡೇ ಬೋಲ್ಟ್ ಇದ್ದ ಕವರ್

ಸಂಡೂರಿನಿಂದ ಬಳ್ಳಾರಿಗೆ ಹೋಗುವಾಗ, ತೋರಣಗಲ್ಲು ದಾಟಿ ಕುಡತಿನಿ ಇನ್ನೇನು ಬಂತು ಎನ್ನುವಲ್ಲಿ ನಮ್ಮ ಕಾರು ನಿಂತಿತು. ಸದ್ದಿಲ್ಲ, ಹೊಗೆಯಿಲ್ಲ. ಓಡುತ್ತಿದ್ದ ಎಂಜಿನ್ ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಸುಮ್ಮನಾಯಿತು. ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಸ್ಟಾರ್ಟರ್ ಎಂದಿಗಿಂತ ಹಗುರಾಗಿ, ಬರ್‍ರನೆ ತಿರುಗುತ್ತಿತ್ತು. ಎಂಜಿನ್ ಹಿಡಿಯಲಿಲ್ಲ. ಹಿಂದಿನ ಸೀಟಿನಲ್ಲಿ ನಮ್ಮಲ್ಲೊಬ್ಬನ ದೊಡ್ಡಪ್ಪ ಕೂತಿದ್ದರು. ಅವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಬೆಳಿಗ್ಗೆ ಹತ್ತಕ್ಕೆ ಅವರ ಪಾಳಿ.

ಒಂದು ಗೂಡ್ಸ್ ಟೆಂಪೋ ಸಿಗುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು. ಆಸ್ಪತ್ರೆ ಮುಟ್ಟಿದಾಗ ಅವರ ಮಷಿನ್ ಬೇರೆಯವರಿಗೆ ಹೋಗಿತ್ತು. ಸಂಜೆಯವರೆಗೆ ಬೆಂಚಿನ ಮೇಲೆ ಕೂತು, ಮುಗಿಸಿಕೊಂಡು ಊರು ಸೇರಿದ್ದು ರಾತ್ರಿ ಹನ್ನೊಂದಕ್ಕೆ. ಇಳಿಯುವಾಗ ಅವರು ಬೈಯಲಿಲ್ಲ. 'ಏನ್ರಪಾ, ಊರಾಗಿನ ಎಲ್ಲಾರ ತಪ್ಪು ಪೇಪರಿನ್ಯಾಗ ಬರೀತೀರಿ. ನಿಮ್ಮ ಗಾಡಿದು ಯಾರು ಬರೀಬೇಕು?' ಎಂದರು. ಅದಕ್ಕೇ ಈ ಬರಹ.

ನಾವು ಎಂದರೆ ಮೂವರು ಸ್ಟ್ರಿಂಗರ್‌ಗಳು. ಪೇಪರ್ ಮೂರು, ಕಾರು ಒಂದು. 2004ರ ಮಾರುತಿ 800. ಸುದ್ದಿ ಅಚ್ಚಾದ ಲೆಕ್ಕದಲ್ಲಿ ದುಡ್ಡು ಬರುವ ನಮ್ಮಂಥವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರು ಆಗದ ಮಾತು. ಹಾಗಾಗಿ ಕೂಡಿ ಕೊಂಡೆವು, ಪೆಟ್ರೋಲು ಕೂಡಿ ಹಾಕಿಸುತ್ತೇವೆ. 1983ರಲ್ಲಿ ಬಂದು 2014ರಲ್ಲಿ ನಿಂತುಹೋದ ಈ ಕಾರು ನಮ್ಮ ಕಡೆ ಇವತ್ತಿಗೂ ಓಡುತ್ತಿದೆ. 796 ಸಿಸಿ, ಮೂರೇ ಸಿಲಿಂಡರ್, ಯಾವ ಹಳ್ಳಿಯ ಮೆಕ್ಯಾನಿಕ್ಕಿಗೂ ಬಾಯಿಪಾಠ. ಅವತ್ತು ನಿಂತದ್ದಕ್ಕೆ ಕಾರನ್ನು ಬೈಯುವಂತಿಲ್ಲ. ತಪ್ಪು ಅದಕ್ಕಿಂತ ಒಂದೂವರೆ ವರ್ಷ ಹಿಂದೆಯೇ ಆಗಿತ್ತು. ಆಗ ನಾವು ಮೂವರೂ ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದೆವು.

ಗೊತ್ತಿಲ್ಲದವರಿಗೆ ಎರಡು ಮಾತು. ಎಂಜಿನ್ನಿನ ಕೆಳಗಿರುವ ಕ್ರ್ಯಾಂಕ್‌ಶಾಫ್ಟಿನಿಂದ ಮೇಲಿರುವ ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಹಲ್ಲುಗಳಿರುವ ಒಂದು ರಬ್ಬರ್ ಬೆಲ್ಟ್. ಅದೇ ಟೈಮಿಂಗ್ ಬೆಲ್ಟ್. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಈ ಲೆಕ್ಕ ಒಂದೆರಡು ಹಲ್ಲು ತಪ್ಪಿದರೂ ವಾಲ್ವ್‌ಗಳು ಹೊತ್ತಲ್ಲದ ಹೊತ್ತಿನಲ್ಲಿ ತೆರೆದು ಮುಚ್ಚುತ್ತವೆ. ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವಿಗೇ ಬಡಿಯುತ್ತದೆ, ಆಮೇಲೆ ಹೆಡ್ ಇಳಿಸದೆ ಬೇರೆ ದಾರಿಯಿಲ್ಲ. ಈ ಬೆಲ್ಟಿಗೆ ಎಣ್ಣೆ ಆಗದು, ನೀರು ಆಗದು, ಕಲ್ಲು ಮಣ್ಣು ಆಗದು. ಅದಕ್ಕೇ ಮೇಲೊಂದು ಪ್ಲಾಸ್ಟಿಕ್ ಕವರ್, ಅಂಚಿಗೆ ರಬ್ಬರ್ ಪ್ಯಾಕಿಂಗ್, ಹಿಡಿದಿಡಲು ಹತ್ತು ನಂಬರಿನ ಸ್ಪ್ಯಾನರ್ ಕೂರುವ ಸಣ್ಣ ಬೋಲ್ಟುಗಳು.

ಒಂದೂವರೆ ವರ್ಷದ ಹಿಂದೆ ಬೆಲ್ಟ್ ಬದಲಿಸಲು ಬಿಟ್ಟಾಗ ಕವರ್ ಬಿಚ್ಚುವುದೇ ದೊಡ್ಡ ಕೆಲಸವಾಯಿತು. ಇಪ್ಪತ್ತು ವರ್ಷದ ಬಿಸಿಗೆ ಪ್ಲಾಸ್ಟಿಕ್ ಹಪ್ಪಳವಾಗಿತ್ತು. ಬೋಲ್ಟ್ ಕೂರುವ ಒಂದು ಕಿವಿ ಕೈಗೇ ಬಂತು. ಒಂದು ಬೋಲ್ಟ್ ತುಕ್ಕು ಹಿಡಿದು ತಲೆ ಮುರಿದು ಒಳಗೇ ಉಳಿಯಿತು. ಇನ್ನೊಂದು ಕಡೆ ಅಲ್ಯೂಮಿನಿಯಂನ ಥ್ರೆಡ್ಡೇ ಕಿತ್ತು ಬಂತು. ಭಾಯ್ ಬೆಲ್ಟ್ ಹೊಸದು ಹಾಕಿದ. ಕವರನ್ನು ಉಳಿದ ಎರಡು ಬೋಲ್ಟಿಗೆ ನಿಲ್ಲಿಸಿದ, ಕೆಳಗಿನ ಮೂಲೆಗೆ ಎಂ-ಸೀಲ್ ಮೆತ್ತಿದ. ಗಾಡಿ ಚೆನ್ನಾಗಿಯೇ ಓಡಿತು. ಆಗಾಗ ಬಾನೆಟ್ಟಿನೊಳಗಿಂದ ಖರ್ ಖರ್ ಎನ್ನುತ್ತಿತ್ತು. ನಾವು ಎಫ್ಎಂ ಜೋರು ಮಾಡುತ್ತಿದ್ದೆವು.

ಕುಡತಿನಿಯಿಂದ ಎಳೆಸಿಕೊಂಡು ಬಂದು ಕವರ್ ತೆಗೆದಾಗ ಒಳಗೆ ಕಂಡದ್ದನ್ನು ಹೇಳಬೇಕು. ಮೆತ್ತಿದ್ದು ಯಾವಾಗಲೋ ಉದುರಿಹೋಗಿ ಮೂಲೆ ಬಾಯಿ ತೆರೆದಿತ್ತು. ನಮ್ಮ ತಾಲ್ಲೂಕಿನ ರಸ್ತೆ ಗೊತ್ತಲ್ಲ, ಅದಿರು ಲಾರಿಯ ಹಿಂದೆ ಹೋದರೆ ಬಿಳಿ ಅಂಗಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಆ ಕೆಂಧೂಳು ಒಳಗೆ ಸೇರಿತ್ತು. ಮೇಲೆ ಕ್ಯಾಮ್‌ಶಾಫ್ಟಿನ ಆಯಿಲ್ ಸೀಲ್ ಒಸರುತ್ತಿತ್ತು. ಧೂಳಿಗೆ ಎಣ್ಣೆ ಕೂಡಿ ಗೋಡೆಗೆ ಮೆತ್ತುವ ರಾಡಿಯಂತಾಗಿ ಪುಲ್ಲಿಯ ಹಲ್ಲುಗಳ ಸಂದಿನಲ್ಲಿ ಕೂತಿತ್ತು. ಜೊತೆಗೆ ಕಡಲೆ ಗಾತ್ರದ ಒಂದು ಕಲ್ಲು. ಹಿಡಿತ ಸಡಿಲಾದ ಕವರ್ ಬೆಲ್ಟಿಗೆ ತಾಗಿ ತಾಗಿ ಒಳಮೈಯಲ್ಲಿ ಗೀರು ಬಿದ್ದಿತ್ತು, ಕರಿ ರಬ್ಬರ್ ಪುಡಿ ಉದುರಿತ್ತು. ಆ ಖರ್ ಖರ್ ಇದೇ. ಬೆಲ್ಟಿನ ಒಂದು ಕಡೆ ಹಲ್ಲುಗಳು ಸಾಲಾಗಿ ಬೋಳಾಗಿದ್ದವು. ವಾಲ್ವ್ ಬಾಗಿರಲಿಲ್ಲ, ಅಷ್ಟು ಪುಣ್ಯ.

ಸುದ್ದಿ ಕವರ್ ಮಾಡಿಕೊಂಡು ತಿರುಗುವವರಿಗೆ ತಮ್ಮ ಗಾಡಿಯ ಕವರ್ ಕಾಣಲಿಲ್ಲ ಎಂದು ಊರಲ್ಲಿ ನಗಾಡಿದರು. ನಾವು ನೇರ ಭಾಯ್ ಮೇಲೆ ಹರಿಹಾಯ್ದೆವು. ಅವನು ಕೈ ಒರೆಸಿಕೊಳ್ಳುತ್ತ ಕೇಳಿದ್ದು ಒಂದೇ ಮಾತು: 'ಅವತ್ತು ನೀವು ಏನಂದಿದ್ರಿ, ನೆನಪೈತೇನ್ ಸಾರ್?'

ನೆನಪಿತ್ತು. ಮುರಿದ ಬೋಲ್ಟ್ ತೆಗೆಯಲು ಲೇತ್‌ನವನನ್ನು ಕರೆಸಬೇಕು, ನಾನೂರು ರೂಪಾಯಿ ಆಗುತ್ತೆ, ಗಾಡಿ ನಾಳೆ ಒಯ್ಯಿರಿ ಎಂದು ಅವನು ಹೇಳಿದ್ದ. ನಮಗೆ ಮೂರು ಗಂಟೆಗೆ ಪ್ರೆಸ್ ಮೀಟ್ ಇತ್ತು. 'ನಡೀತೈತಿ ಬಿಡು ಭಾಯ್' ಎಂದವರು ನಾವೇ. ಲೇಬರ್‌ನಲ್ಲೂ ಇನ್ನೂರು ಮುರಿದುಕೊಂಡು ಕೊಟ್ಟಿದ್ದೆವು.

ನಮ್ಮ ಅಭಿಪ್ರಾಯ ಇಲ್ಲಿದೆ. ಸಣ್ಣ ಊರಿನ ಗ್ಯಾರೇಜಿನಲ್ಲಿ ಬಿಚ್ಚುವುದಕ್ಕೆ ಕೂಲಿಯಿದೆ, ಹೊಸ ಸಾಮಾನು ಹಾಕುವುದಕ್ಕೆ ಕೂಲಿಯಿದೆ. ಬಿಚ್ಚಿದ್ದನ್ನು ಮೊದಲಿದ್ದ ಹಾಗೆ ಮುಚ್ಚುವುದಕ್ಕೆ ಕೂಲಿಯಿಲ್ಲ. ಪಾರ್ಟ್ ಅಂಗಡಿಯ ಬಿಲ್ಲಿಗೆ ನಾವು ತುಟಿ ಪಿಟಕ್ಕೆನ್ನುವುದಿಲ್ಲ. ಚೌಕಾಸಿಯೆಲ್ಲ ಮೆಕ್ಯಾನಿಕ್ಕಿನ ಕೈಕೆಲಸದ ಮೇಲೆ. ಅವನೂ ಮನುಷ್ಯ. ಕಾಣದ ಜಾಗದ ಕೆಲಸಕ್ಕೆ ಯಾರೂ ದುಡ್ಡು ಕೊಡುವುದಿಲ್ಲ ಎಂದು ಗೊತ್ತಾದ ಮೇಲೆ ಅವನು ಆ ಕೆಲಸವನ್ನು ಬಿಡುತ್ತಾನೆ, ಗೂಟಿಯಲ್ಲಿ ಉಳಿದ ಬೋಲ್ಟುಗಳನ್ನು ಡಬ್ಬಿಗೆ ಹಾಕುತ್ತಾನೆ. ನಮ್ಮ ಊರಿನ ಯಾವುದೇ ಗ್ಯಾರೇಜಿನಲ್ಲಿ ಆ ಡಬ್ಬಿ ನೋಡಿ. ಅವೆಲ್ಲ ಯಾವುದೋ ಗಾಡಿಯಲ್ಲಿ ಇರಬೇಕಾದವು.

ಕವರ್ ಇಲ್ಲದಿದ್ದರೇ ಒಳ್ಳೆಯದು, ಬೆಲ್ಟ್ ಕಣ್ಣಿಗೆ ಕಾಣುತ್ತಿರುತ್ತದೆ ಎನ್ನುವ ಮೆಕ್ಯಾನಿಕ್ಕುಗಳೂ ಇದ್ದಾರೆ. ರೇಸ್ ಗಾಡಿಗಳನ್ನು ಉದಾಹರಣೆ ಕೊಡುತ್ತಾರೆ. ರೇಸಿನವರು ಎಂಜಿನ್ನನ್ನು ಮೇಲಿಂದ ಮೇಲೆ ಬಿಚ್ಚಿ ನೋಡುತ್ತಾರೆ. ನಾವು ಬಾನೆಟ್ ಎತ್ತುವುದು ನೀರು ಹಾಕಲು, ಅದೂ ಮೀಟರ್ ಮುಳ್ಳು ಮೇಲೇರಿದಾಗ.

ಸರ್ಕಾರದ ಕಣ್ಣೂ ಬೇರೆ ಕಡೆ ಇದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಮೊದಲು 600 ರೂಪಾಯಿ ಶುಲ್ಕವಿತ್ತು, 2022ರ ಏಪ್ರಿಲ್ 1ರಿಂದ ಅದು 5000 ಆಯಿತು. 2024ರಲ್ಲಿ ನಾವೂ ಕಟ್ಟಿದೆವು. ಲೈಟು, ಹಾರ್ನು, ಟಯರು, ಚಾಸಿ ನಂಬರು, ಹೊಗೆಯ ಸರ್ಟಿಫಿಕೇಟು ಎಲ್ಲ ನೋಡಿದರು. ಎರಡು ಬೋಲ್ಟಿಗೆ ನೇತಾಡುತ್ತಿದ್ದ ಕವರ್ ಅವತ್ತೂ ಹಾಗೇ ಇತ್ತು, ಗಾಡಿ ಪಾಸಾಯಿತು. ಪ್ರತಿ ಬೋಲ್ಟನ್ನೂ ಅವರೇ ಎಣಿಸಬೇಕು ಎನ್ನುತ್ತಿಲ್ಲ. ಆದರೆ ಹಳೆಯ ಗಾಡಿ ಎಂದರೆ ಅಪಾಯ ಎಂದು ವಯಸ್ಸಿನ ಮೇಲೆ ದಂಡದಂತೆ ಶುಲ್ಕ ಹಾಕುವುದನ್ನು ನಾವು ಒಪ್ಪುವುದಿಲ್ಲ. ನಮ್ಮ ಗಾಡಿ ನಿಂತದ್ದು ಇಪ್ಪತ್ತು ವರ್ಷವಾಯಿತು ಎಂದಲ್ಲ, ನಾನೂರು ರೂಪಾಯಿ ಉಳಿಸಿದೆವು ಎಂದು.

ಈ ಸಲ ಎರಡು ದಿನ ಗಾಡಿ ಬಿಟ್ಟೆವು, ಪಕ್ಕದಲ್ಲೇ ನಿಂತು ನೋಡಿದೆವು. ನಿಮಗೂ ಬೇಕಾದೀತು ಎಂದು ಬರೆಯುತ್ತಿದ್ದೇವೆ. ಭಾಯ್ ಮೊದಲು ಒಸರುತ್ತಿದ್ದ ಸೀಲ್ ಬದಲಿಸಿದ. ಎಣ್ಣೆ ನಿಲ್ಲಿಸದೆ ಹೊಸ ಬೆಲ್ಟ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಪುಲ್ಲಿಗಳನ್ನು ಬ್ರಷ್ ಹಾಕಿ ತೊಳೆದು ಒಣಗಿಸಿದ. ಲೇತ್‌ನವನು ಬಂದು, ಮುರಿದ ಬೋಲ್ಟಿನ ನಡುಮಧ್ಯೆ ಪಂಚ್ ಹೊಡೆದು, ಸಣ್ಣ ಡ್ರಿಲ್ ಇಳಿಸಿ, ಎಕ್ಸ್‌ಟ್ರಾಕ್ಟರ್ ಹಾಕಿ ಉಲ್ಟಾ ತಿರುಗಿಸಿ ತೆಗೆದ. ಆ ಕಾಲು ಗಂಟೆ ಗ್ಯಾರೇಜಿನಲ್ಲಿ ಯಾರೂ ಮಾತಾಡಲಿಲ್ಲ. ಥ್ರೆಡ್ ಹೋದ ತೂತನ್ನು ದೊಡ್ಡದು ಮಾಡಿ ಎಂಟು ಎಂಎಂ ಬೋಲ್ಟ್ ಹಾಕೋಣ ಎಂದು ನಾವೇ ಸೂಚಿಸಿದೆವು. ಬೇಡ ಎಂದ. ಹಾಗೆ ಮಾಡಿದರೆ ಕವರಿನ ಕಿವಿಯ ತೂತನ್ನೂ ಕೊರೆಯಬೇಕು, ತೆಳುವಾದ ಕಿವಿ ಮತ್ತೆ ಸೀಳುತ್ತದೆ. ಹೊಸಪೇಟೆಯಿಂದ ಹೆಲಿಕಾಯಿಲ್ ತರಿಸಿ ಹಳೇ ಅಳತೆಯ ಥ್ರೆಡ್ಡನ್ನೇ ಮತ್ತೆ ಮಾಡಿಸಿದ.

ಕವರ್ ಬಳ್ಳಾರಿಯ ಗುಜರಿಯಲ್ಲಿ ಸಿಕ್ಕಿತು, 250 ರೂಪಾಯಿ. ಕೊಳ್ಳುವಾಗ ನೋಡಬೇಕಾದ್ದು ಕಿವಿಗಳನ್ನು, ಮತ್ತು ಬೋಲ್ಟಿನ ತೂತಿನಲ್ಲಿ ಕೂತಿರುವ ಲೋಹದ ಬುಷ್‌ಗಳನ್ನು. ಬುಷ್ ಬಿದ್ದುಹೋಗಿದ್ದರೆ ಬೋಲ್ಟ್ ಬಿಗಿದಷ್ಟೂ ಪ್ಲಾಸ್ಟಿಕ್ ಜಜ್ಜುತ್ತದೆ. ಪ್ಯಾಕಿಂಗ್ ಇಲ್ಲ ಎಂದು ಸಿಲಿಕಾನ್ ಪೇಸ್ಟ್ ಸುರಿಯುವುದು ನಮ್ಮ ಕಡೆಯ ರೂಢಿ. ಅದರ ಚೂರು ಒಳಗೆ ಕಿತ್ತು ಬಿದ್ದರೆ ಕಲ್ಲು ಬಿದ್ದ ಹಾಗೇ, ಮುಂದಿನ ಸಲ ಬಿಚ್ಚುವಾಗ ಕವರನ್ನೂ ಮುರಿಯುತ್ತದೆ. ಉದ್ದದ ಬೋಲ್ಟ್ ಕೂಡ ಹಾಕಬಾರದು. ತಳಕ್ಕೆ ತಾಗಿ ನಿಂತರೆ ಬಿಗಿಯಾದಂತೆ ಕಾಣುತ್ತದೆ, ಕವರ್ ಮಾತ್ರ ಅಲುಗುತ್ತಿರುತ್ತದೆ.

ಬೆಲ್ಟ್ ಹಾಕಿದ ಮೇಲೆ ಸ್ಪ್ಯಾನರ್ ಹಿಡಿದು ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಕೂಡಿದ್ದನ್ನು ನಮಗೂ ತೋರಿಸಿದ. ಆಮೇಲೆ ಕವರ್. ಎಲ್ಲ ಬೋಲ್ಟನ್ನೂ ಮೊದಲು ಬೆರಳಲ್ಲೇ ಹಿಡಿಸಿ, ನಂತರ ಒಂದಿಷ್ಟು ಇದು ಒಂದಿಷ್ಟು ಅದು ಎಂದು ಬಿಗಿದ. ಜೋರು ಹಾಕಲಿಲ್ಲ. ಎಲ್ಲ ಸೇರಿ 4600 ರೂಪಾಯಿ, ಎಳೆಸಿದ್ದಕ್ಕೆ 1200 ಬೇರೆ. ಲೇಬರ್ ಎಷ್ಟು ಹೇಳಿದನೋ ಅಷ್ಟನ್ನು ಕೊಟ್ಟೆವು. ಅವನಿಗೇ ಅನುಮಾನ ಬಂದು ಇನ್ನೊಮ್ಮೆ ಎಣಿಸಿದ.

ದೊಡ್ಡಪ್ಪನವರು ಮುಂದಿನ ಪಾಳಿಗೆ ಇದೇ ಗಾಡಿಯಲ್ಲಿ ಬರಲು ಒಪ್ಪಿದರು. ಹತ್ತುವ ಮೊದಲು ಬಾನೆಟ್ ಎತ್ತಿಸಿ, ಕೋಲು ಊರಿಕೊಂಡು ಬಗ್ಗಿ ನೋಡಿ ಬೋಲ್ಟ್ ಎಣಿಸಿದರು. ಒಂದರ ತಲೆ ಬೇರೆ ಥರ ಇದೆಯಲ್ಲ ಎಂದು ಕೇಳಿದರು. ಅದು ಭಾಯ್ ಡಬ್ಬಿಯಿಂದ ಹಾಕಿದ್ದು, ಅಳತೆ ಸರಿಯಿದೆ. ಅದನ್ನೂ ಬದಲಿಸಿರಿ ಎಂದಿದ್ದಾರೆ. ಸೋಮವಾರ ಹೊಸಪೇಟೆಗೆ ಹೋದಾಗ ತರಬೇಕು.