ಮಾರುತ್‌ಗೆ ಇಲ್ಲದ ಬಲ ಕೊಡಬೇಡಿ

ಫ್ಲೈಟ್ ಸಿಮ್ಯುಲೇಟರ್‌ಗಾಗಿ ಹಳೆಯ ವಿಮಾನಗಳ ಮಾದರಿ ಮಾಡಿ ಮಾರುವವರ ಜಾಹೀರಾತುಗಳಲ್ಲಿ ‘ನಿಖರ’ ಎಂಬ ಪದ ಸವೆದುಹೋಗಿದೆ. ಅಲ್ಲಿ ನಿಖರ ಎಂದರೆ ರೆಕ್ಕೆಯ ಮೇಲಿನ ಒಂದೊಂದು ರಿವೆಟ್ಟೂ ಇರಬೇಕಾದ ಜಾಗದಲ್ಲೇ ಇದೆ, ಸೀಟಿನ ಚರ್ಮ ತೊಡೆ ತಾಗುವಲ್ಲಿ ಮಾಸಿದೆ, ಹೊಗೆ ಕೊಳವೆಯ ಹಿಂದೆ ಮಸಿ ಹಿಡಿದಿದೆ. ಚಿತ್ರ ನೋಡಿದರೆ ಕಣ್ಣು ತಣಿಯುತ್ತದೆ. ದುಡ್ಡು ಕೊಟ್ಟು ಇಳಿಸಿಕೊಂಡು ಹಾರಿಸಲು ಕೂತರೆ, ಎಂಬತ್ತು ವರ್ಷದ ಮುದಿ ಯಂತ್ರ ಮೊನ್ನೆ ಶೋರೂಮಿನಿಂದ ಬಂದ ಕಾರಿನ ಹಾಗೆ ಒಂದೇ ಗುಂಡಿಗೆ ಶುರುವಾಗುತ್ತದೆ, ಹೇಳಿದ ಮಾತು ಕೇಳುತ್ತದೆ, ಕೈಬಿಟ್ಟರೂ ನೆಟ್ಟಗೆ ಹೋಗುತ್ತದೆ. ವೇಷ ಹಳೆಯ ವಿಮಾನದ್ದು, ನಡೆ ಇನ್ಯಾವುದರದೋ.

ಎಲ್ಲರೂ ಹೀಗಲ್ಲ. ಒಂದು ಹಾರಾಟದಲ್ಲಿ ಇಂಜಿನ್ನನ್ನು ಹಿಂಸಿಸಿದರೆ ಮುಂದಿನ ಹಾರಾಟದಲ್ಲಿ ಅದರ ಫಲ ಉಣ್ಣಿಸುವ ಎ2ಎಯಂಥ ತಯಾರಕರೂ ಇದ್ದಾರೆ. ಆದರೆ ಬಹುಪಾಲು ಖರೀದಿ ನಡೆಯುವುದು ಚಿತ್ರ ನೋಡಿ. ಹಾಗಾಗಿ ಬಹುಪಾಲು ಶ್ರಮ ಸುರಿಯುವುದೂ ಚಿತ್ರದ ಮೇಲೇ.

ಹಳೆಯ ವಿಮಾನದ ‘ನಡೆ’ ಎಂದರೇನೆಂದು ತಿಳಿಯಲು ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮಲ್ ಒಂದು ಸಾಕು. ಅದರ ರೋಟರಿ ಇಂಜಿನ್ ಪ್ರೊಪೆಲ್ಲರ್ ಜೊತೆಗೆ ತಾನೂ ಇಡಿಯಾಗಿ ಗಿರಗಿರ ತಿರುಗುತ್ತದೆ. ಅಷ್ಟು ಭಾರ ಮೂತಿಯಲ್ಲಿ ಬುಗುರಿಯಂತೆ ಸುತ್ತುತ್ತಿದ್ದರೆ ವಿಮಾನ ಎಡಕ್ಕೂ ಬಲಕ್ಕೂ ಒಂದೇ ರೀತಿ ತಿರುಗುವುದುಂಟೇ? ಬಲಕ್ಕೆ ಹೊರಳಿಸಿದರೆ ಮೂತಿ ಕೆಳಗೆ ಬೀಳುತ್ತದೆ, ಎಡಕ್ಕಾದರೆ ಮೇಲೇಳುತ್ತದೆ. ಇಂದಿನ ಥ್ರಾಟಲ್‌ನಂತೆ ಬಲವನ್ನು ನಯವಾಗಿ ಏರಿಸಿ ಇಳಿಸುವ ಸೌಕರ್ಯವಿಲ್ಲ. ನೆಲಕ್ಕಿಳಿಯುವಾಗ ಸ್ಟಿಕ್ ಮೇಲಿನ ಗುಂಡಿ ಒತ್ತಿ ಇಂಜಿನ್ನಿನ ಕಿಡಿಯನ್ನೇ ಆಗಾಗ ತಡೆಯಬೇಕು. ಹಾಕುತ್ತಿದ್ದ ಎಣ್ಣೆಯೋ ಹರಳೆಣ್ಣೆ. ಅದು ಇಂಜಿನ್ನಿನೊಳಗೇ ಸುತ್ತಿ ಬರುತ್ತಿರಲಿಲ್ಲ, ಉರಿದು ಉಳಿದದ್ದು ಹೊರಗೆ ಎರಚುತ್ತಿತ್ತು. (ಹರಳೆಣ್ಣೆ ಕುಡಿದವರಿಗೆ ಆಗುವುದು ಆ ಪೈಲಟ್‌ಗಳಿಗೂ ಆಗುತ್ತಿತ್ತೆಂಬ ಮಾತಿದೆ.) ಕಲಿಯುವ ಹುಡುಗರು ಎಷ್ಟೋ ಮಂದಿ ಶತ್ರುವನ್ನು ನೋಡುವ ಮೊದಲೇ ಈ ವಿಮಾನಕ್ಕೆ ಬಲಿಯಾದರು. ರಾವಲ್ಪಿಂಡಿಯ ಹರ್ದಿತ್ ಸಿಂಗ್ ಮಲಿಕ್ 1917ರಲ್ಲಿ ಪೇಟದ ಮೇಲೆ ಹಿಡಿಸುವಂಥ ಹೆಲ್ಮೆಟ್ ಮಾಡಿಸಿಕೊಂಡು ಹಾರಿಸಿದ್ದು ಇದನ್ನೇ. ಎರಡೂ ಕಡೆಗೆ ಸಮವಾಗಿ ತಿರುಗುವ ಕ್ಯಾಮಲ್ ಕೊಟ್ಟರೆ ಮಲಿಕ್ ಹಾರಿಸಿದ್ದು ಏನನ್ನು ಎಂಬುದೇ ಅಳಿಸಿಹೋಗುತ್ತದೆ.

ಸ್ಪಿಟ್‌ಫೈರ್ ನೋಡಲು ಎಷ್ಟು ಚೆಲುವೋ ನೆಲದ ಮೇಲೆ ಅಷ್ಟೇ ರಗಳೆ. ಮೊದಮೊದಲ ಮಾದರಿಗಳಲ್ಲಿ ರೇಡಿಯೇಟರ್‌ನ ಮುಂದೆ ಚಕ್ರದ ಕಾಲು ಅಡ್ಡ ಬಂದು ಗಾಳಿ ಸರಿಯಾಗಿ ಸಿಗುತ್ತಿರಲಿಲ್ಲ. ಟ್ಯಾಕ್ಸಿ ಮಾಡುತ್ತ ತಡಮಾಡಿದರೆ ನೀರು ಕುದಿಯುವ ಹಂತಕ್ಕೆ ಬರುತ್ತಿತ್ತು. ಮೇಲೆದ್ದ ಕೂಡಲೇ ಸ್ಟಿಕ್ಕನ್ನು ಎಡಗೈಗೆ ಬದಲಿಸಿ, ಬಲಗೈಯಲ್ಲಿ ಪಂಪು ಹೊಡೆದು ಚಕ್ರ ಎತ್ತಬೇಕು. ಪಂಪಿನ ಲಯಕ್ಕೆ ಎಡಗೈಯೂ ಅಲ್ಲಾಡಿ, ಹೊಸಬರ ವಿಮಾನ ನೀರಿನ ಅಲೆಯ ಮೇಲಿನ ದೋಣಿಯಂತೆ ಏಳುತ್ತ ಬೀಳುತ್ತ ಹೋಗುತ್ತಿತ್ತು. ಇಂಥವನ್ನು ‘ಕಿರಿಕಿರಿ’ ಎಂದು ತೆಗೆದುಹಾಕುವ ತಯಾರಕರು ರಿವೆಟ್ ಎಣಿಸುವುದನ್ನು ಮಾತ್ರ ಬಿಡುವುದಿಲ್ಲ.

ಇದರಲ್ಲಿ ಕೈಚಳಕದ ಕೊರತೆ ಮಾತ್ರವಲ್ಲ, ಮಾಹಿತಿಯ ಕೊರತೆಯೂ ಇದೆ. ಸಿಮ್ಯುಲೇಟರ್ ವಿಮಾನದಲ್ಲಿ ಎರಡು ಭಾಗ: ಕಣ್ಣಿಗೆ ಕಾಣುವ ಆಕಾರ, ಕಾಣದ ಲೆಕ್ಕ. ಆಕಾರಕ್ಕೆ ಮ್ಯೂಸಿಯಂಗೆ ಹೋಗಿ ಫೋಟೊ ತೆಗೆದು, ಅಳತೆ ಹಿಡಿದರೆ ಆಯಿತು. ಲೆಕ್ಕದ ಕಥೆ ಬೇರೆ. ಎಕ್ಸ್-ಪ್ಲೇನ್ ರೆಕ್ಕೆಯನ್ನು ತುಂಡುತುಂಡಾಗಿ ವಿಂಗಡಿಸಿ ಪ್ರತಿ ತುಂಡಿನ ಮೇಲಿನ ಬಲವನ್ನು ತಾನೇ ಲೆಕ್ಕ ಹಾಕುತ್ತದೆ; ಫ್ಲೈಟ್‌ಗೇರ್ ಬಳಸುವ ಜೆಎಸ್‌ಬಿಸಿಮ್‌ನಂಥವು ಯಾರೋ ತುಂಬಿಕೊಟ್ಟ ಅಂಕಿಗಳ ಕೋಷ್ಟಕ ಓದುತ್ತವೆ. ದಾರಿ ಯಾವುದಾದರೂ ಕೊನೆಗೆ ಒಬ್ಬರು ಕೂತು ಅದು ಸರಿಯೇ ಎಂದು ತಾಳೆ ನೋಡಬೇಕು. ಪೈಲಟ್‌ಗಳ ಕೈಪಿಡಿ ಇಷ್ಟು ವೇಗಕ್ಕೆ ಸ್ಟಾಲ್, ಇಷ್ಟು ಓಟಕ್ಕೆ ಟೇಕಾಫ್ ಎಂದು ಅಂಚಿನ ಅಂಕಿಗಳನ್ನು ಹೇಳುತ್ತದೆ. ಆ ಅಂಕಿಗಳೆಲ್ಲ ಹೊಂದಿದ ಎರಡು ಮಾದರಿಗಳು ಕೈಗೆ ಪೂರಾ ಬೇರೆಬೇರೆ ಎನಿಸಬಹುದು. ನಿಘಂಟು, ವ್ಯಾಕರಣ ಎರಡೂ ಕೈಯಲ್ಲಿದ್ದು ಆಡುವವರೊಬ್ಬರೂ ಉಳಿದಿಲ್ಲದ ಭಾಷೆಯ ಪಾಡೂ ಇದೇ. ಪದ ಗೊತ್ತು, ರಾಗ ಗೊತ್ತಿಲ್ಲ.

ಸ್ಪಿಟ್‌ಫೈರ್ ವಿಷಯದಲ್ಲಿ ತಪ್ಪಿದರೆ ತಿದ್ದಲು ದಾರಿಯಿದೆ. ಹಾರುವ ಸ್ಪಿಟ್‌ಫೈರ್‌ಗಳು ಇಂದಿಗೂ ಹತ್ತಾರಿವೆ, ಕೈಪಿಡಿಗಳು ಮರುಮುದ್ರಣಗೊಂಡು ಸಿಗುತ್ತವೆ. ಅಮೆರಿಕದ ನಾಕಾ ಸಂಸ್ಥೆ 1942ರಲ್ಲಿ ಒಂದು ಸ್ಪಿಟ್‌ಫೈರ್‌ಗೆ ಉಪಕರಣ ಕಟ್ಟಿ ಹಾರಿಸಿ, ಅದು ಕೈಗೆ ಹೇಗೆ ವರ್ತಿಸುತ್ತದೆಂದು ಅಳೆದ ವರದಿ ಯಾರು ಬೇಕಾದರೂ ಓದುವಂತಿದೆ. ತಪ್ಪು ಮಾದರಿ ಬಂದರೆ ಅದನ್ನು ಹಿಡಿದು ನಿಲ್ಲಿಸುವ ಸಾಕ್ಷಿಗಳಿದ್ದಾರೆ.

ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಫ್-24 ಮಾರುತ್‌ಗೆ ಈ ಭಾಗ್ಯವಿಲ್ಲ. ಇವತ್ತು ಹಾರುವ ಮಾರುತ್ ಒಂದೂ ಇಲ್ಲ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ, ಮುಂಬಯಿ ವರ್ಲಿಯ ನೆಹರೂ ವಿಜ್ಞಾನ ಕೇಂದ್ರ, ಜರ್ಮನಿಯ ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್, ಹೀಗೆ ಅಲ್ಲಲ್ಲಿ ನಿಂತಿವೆ. ನಿಂತ ವಿಮಾನದಿಂದ ಆಕಾರ ಸಿಗುತ್ತದೆ, ನಡೆ ಸಿಗುವುದಿಲ್ಲ. ಜರ್ಮನಿಯಲ್ಲಿ ಫೋಕ್-ವುಲ್ಫ್ 190 ರೂಪಿಸಿದ್ದ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ನಲ್ಲಿ ಕೂತು ಇದನ್ನು ವಿನ್ಯಾಸ ಮಾಡಿದಾಗ, ಅವರಿಗೂ ಕಾಗದದ ಲೆಕ್ಕ ಸಾಲದಾಗಿತ್ತು. ಇಂಜಿನ್ ಇಲ್ಲದ, ಪೂರ್ತಿ ಗಾತ್ರದ ಮರದ ಗ್ಲೈಡರ್ ಮಾಡಿಸಿ, 1959ರಲ್ಲಿ ಡಕೋಟಾಕ್ಕೆ ಕಟ್ಟಿ ಮೇಲಕ್ಕೆಳೆದು ಬಿಟ್ಟು ನೋಡಿದರು. ಆ ಗ್ಲೈಡರ್ ಕೂಡ ಒಂದು ಸಿಮ್ಯುಲೇಟರೇ. ಅದಕ್ಕೆ ಒಳ್ಳೆಯ ಬಣ್ಣ ಬೇಕಿರಲಿಲ್ಲ, ನಡೆ ಬೇಕಿತ್ತು.

1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲ ಮಾರುತ್ ಹಾರಿಸಿದರು. ಅದರ ದೊಡ್ಡ ಕೊರತೆ ಎಲ್ಲರಿಗೂ ಗೊತ್ತಿರುವುದೇ. ಶಬ್ದದ ವೇಗವನ್ನು ಸಲೀಸಾಗಿ ಮೀರುವ ವಿಮಾನ ಎಂದು ರೂಪಿಸಿದ್ದಕ್ಕೆ ಅಂದುಕೊಂಡಿದ್ದ ಇಂಜಿನ್ ಸಿಗಲಿಲ್ಲ. ಸುಮಾರು 2,200 ಕಿಲೋ ತಳ್ಳುಬಲದ ಎರಡು ಆರ್ಫಿಯಸ್ 703 ಇಂಜಿನ್‌ಗಳಲ್ಲೇ ಅದು ಬದುಕಬೇಕಾಯಿತು. ಬೇರೆ ಇಂಜಿನ್ ಹುಡುಕಾಟದಲ್ಲಿ ಒಂದು ಮಾರುತ್ ಈಜಿಪ್ಟಿಗೂ ಹೋಗಿತ್ತು. ಆರ್ಫಿಯಸ್‌ಗೇ ಆಫ್ಟರ್‌ಬರ್ನರ್ ಕೂಡಿಸಿದ ಮಾರುತ್ ಅನ್ನು ಪರೀಕ್ಷಿಸುವಾಗ, 1970ರ ಜನವರಿಯಲ್ಲಿ, ಅದೇ ಸುರಂಜನ್ ದಾಸ್ ಬೆಂಗಳೂರಿನಲ್ಲಿ ಪ್ರಾಣ ಕಳೆದುಕೊಂಡರು. ಎಚ್‌ಎಎಲ್ ವಿಮಾನ ನಿಲ್ದಾಣದ ಪಕ್ಕದಿಂದ ಹಳೇ ಮದ್ರಾಸ್ ರಸ್ತೆಯ ಕಡೆಗೆ ಹೋಗುವ ರಸ್ತೆಗೆ ಅವರದೇ ಹೆಸರು. ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿ ಆ ಬೋರ್ಡು ಓದುವವರಲ್ಲಿ ಎಷ್ಟು ಮಂದಿಗೆ ಗೊತ್ತೋ.

ಸಿಮ್ಯುಲೇಟರ್‌ನಲ್ಲಿ ಮಾರುತ್ ಮಾಡಲು ಹೊರಡುವ ಅಭಿಮಾನಿಯ ಎದುರಿಗೆ ಒಂದು ಆಮಿಷ ಕಾದಿರುತ್ತದೆ. ಎಚ್‌ಎಎಲ್‌ಗೆ ವರ್ಷಗಟ್ಟಲೆ ಒದಗದೇ ಹೋದ ತಳ್ಳುಬಲ ಇಲ್ಲಿ ಒಂದು ಫೈಲಿನ ಒಂದು ಅಂಕಿ. 2,200 ಇದ್ದದ್ದನ್ನು 3,500 ಮಾಡಿದರೆ ಕೇಳುವವರಿಲ್ಲ. ‘ಟ್ಯಾಂಕ್ ಸಾಹೇಬರು ಕನಸು ಕಂಡ ಮಾರುತ್ ಇದು, ನಮ್ಮ ವಿಮಾನಕ್ಕೆ ಅನ್ಯಾಯವಾಗಿತ್ತು, ಇಲ್ಲಾದರೂ ನ್ಯಾಯ ಸಿಗಲಿ’ ಎಂಬ ಸಮರ್ಥನೆಯೂ ಸಿದ್ಧ. ಇದಕ್ಕೆ ದೇಶಾಭಿಮಾನದ ಹೆಸರು ಬೇರೆ.

ಅದು ಅಭಿಮಾನವಲ್ಲ, ಅವಮಾನ. ಸಮುದ್ರಮಟ್ಟಕ್ಕಿಂತ ಸುಮಾರು 2,900 ಅಡಿ ಎತ್ತರದ ಎಚ್‌ಎಎಲ್ ರನ್‌ವೇಯಲ್ಲಿ, ಏಪ್ರಿಲ್ ಮಧ್ಯಾಹ್ನದ ತೆಳುಗಾಳಿಯಲ್ಲಿ, ತುಂಬಿದ ಟ್ಯಾಂಕಿನ ಮಾರುತ್ ರನ್‌ವೇಯನ್ನು ನುಂಗುತ್ತ ಓಡಬೇಕು. ಕೂತವರ ಎದೆ ಒಂದು ಕ್ಷಣ ಹೊಡೆದುಕೊಳ್ಳಬೇಕು. ಆಗ ತಾನೇ 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ, ಗುಂಡಿನೇಟಿಗೆ ಒಂದು ಇಂಜಿನ್ ಕಳೆದುಕೊಂಡ ಮೇಲೂ ಇನ್ನೊಂದರಲ್ಲೇ ನೆಲೆ ಸೇರಿದ ಮಾರುತ್‌ಗಳ ಪೈಲಟ್‌ಗಳು ಏನು ಮಾಡಿದರೆಂದು ತಿಳಿಯುವುದು? ಬಲ ಧಾರಾಳವಾಗಿರುವ ಮಾರುತ್‌ನಲ್ಲಿ ಅದು ಯಾವ ಮಗುವೂ ಮಾಡುವ ಆಟ. ಆಫ್ಟರ್‌ಬರ್ನರ್‌ಗಾಗಿ ದಾಸ್ ತೆತ್ತ ಬೆಲೆಯೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

‘ಆಟ ತಾನೇ, ಇಷ್ಟೇಕೆ ತಲೆಬಿಸಿ’ ಎನ್ನುವವರಿಗೆ ಅರ್ಧ ಒಪ್ಪಿಗೆ ಕೊಡಬಹುದು. ಆಫೀಸು ಮುಗಿಸಿ ರಾತ್ರಿ ಹತ್ತಕ್ಕೆ ಕೂತವರು ಕ್ಯಾಮಲ್ ಜೊತೆ ಗುದ್ದಾಡಲೇಬೇಕೆಂಬ ಕಾಯಿದೆಯಿಲ್ಲ. ಸುಲಭದ ಆಯ್ಕೆ ಒಂದಿರಲಿ. ಆದರೆ ಅದಕ್ಕೆ ‘ಸುಲಭ’ ಎಂದೇ ಹೆಸರಿಡಿ, ‘ನಿಖರ’ ಎಂದು ಕರೆಯಬೇಡಿ. ಕೈಪಿಡಿಯಿಂದ ಬಂದ ಅಂಕಿ ಯಾವುದು, ಪೈಲಟ್ ಹೇಳಿದ್ದು ಯಾವುದು, ತಯಾರಕರೇ ಊಹಿಸಿದ್ದು ಯಾವುದು ಎಂದು ಮಾದರಿಯ ಜೊತೆಗೊಂದು ಹಾಳೆ ಇಡಲು ಏನು ಕಷ್ಟ? ಹಾಗೆ ಇಡುವುದಿಲ್ಲ, ಏಕೆಂದರೆ ಊಹೆಯ ಪಟ್ಟಿ ಉದ್ದವಿರುತ್ತದೆ. ಹಾರುವ ವಿಮಾನ ಒಂದೂ ಉಳಿಯದ ಮೇಲೆ, ಇಪ್ಪತ್ತು ವರ್ಷ ಬಿಟ್ಟು ‘ಮಾರುತ್ ಹೇಗೆ ಹಾರುತ್ತಿತ್ತು’ ಎಂದು ಕೇಳುವ ಹುಡುಗಿಗೆ ಸಿಗುವುದು ಆ ಊಹೆಯೇ. ಅದನ್ನು ಅವಳು ಚರಿತ್ರೆ ಎಂದೇ ನಂಬುತ್ತಾಳೆ.

ಸರ್ಕಾರದ ಪಾಲೂ ಇದೆ. ಹಳೆಯ ಯುದ್ಧ, ಕಾರ್ಯಾಚರಣೆಗಳ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಬಹಿರಂಗಪಡಿಸುವ ನೀತಿಯನ್ನು ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಪ್ರಕಟಿಸಿತು. ಅದೇ ಉದಾರತೆ ಪರೀಕ್ಷಾ ಹಾರಾಟದ ವರದಿಗಳಿಗೂ, ಕೈಪಿಡಿಗಳಿಗೂ ಸಲ್ಲಲಿ. ಎಚ್‌ಎಎಲ್ ತನ್ನ ಮ್ಯೂಸಿಯಂನಲ್ಲಿ ವಿಮಾನ ನಿಲ್ಲಿಸಿದ ಹಾಗೆ, ಮಾರುತ್ ಮತ್ತು 1951ರಲ್ಲಿ ಮೊದಲು ಹಾರಿದ ಡಾ. ವಿ. ಎಂ. ಘಾಟಗೆಯವರ ಎಚ್‌ಟಿ-2 ತರಬೇತಿ ವಿಮಾನದ ಕಾಗದಗಳನ್ನೂ ಸ್ಕ್ಯಾನ್ ಮಾಡಿ ಎಲ್ಲರ ಕೈಗೆಟುಕುವಂತೆ ಇಡಲಿ. 155 ಅಶ್ವಶಕ್ತಿಯ ಎಚ್‌ಟಿ-2ರಲ್ಲಿ ಈಗಲೂ ಮುಚ್ಚಿಡುವಂಥ ರಹಸ್ಯ ಯಾವುದಿದೆ?

ಕಾಗದ ಕಾಯುತ್ತದೆ, ಮನುಷ್ಯರು ಕಾಯುವುದಿಲ್ಲ. ಮಾರುತ್ ಹಾರಿಸಿದವರಲ್ಲಿ, ಅದರ ಇಂಜಿನ್ ಬಿಚ್ಚಿ ಜೋಡಿಸಿದವರಲ್ಲಿ ಉಳಿದಿರುವವರಿಗೆ ವಯಸ್ಸಾಗಿದೆ. ಚೆನ್ನೈಯಲ್ಲೋ ಪುಣೆಯಲ್ಲೋ ಕೂತು ಇದನ್ನು ಓದುತ್ತಿರುವ ಎಷ್ಟೋ ಜನರ ಮನೆಗಳಲ್ಲಿ ಎಚ್‌ಎಎಲ್‌ನಿಂದ ನಿವೃತ್ತರಾದ ಒಬ್ಬ ದೊಡ್ಡಪ್ಪ, ಒಬ್ಬ ಸೋದರಮಾವ ಇರಬಹುದು. ಅವರನ್ನು ಯುದ್ಧದ ರೋಚಕ ಕಥೆ ಕೇಳುವವರು ಬೇಕಾದಷ್ಟಿದ್ದಾರೆ. ಫೋನ್‌ನಲ್ಲಿ ರೆಕಾರ್ಡ್ ಒತ್ತಿಟ್ಟು ಕೇಳಬೇಕಾದ್ದು ಬೇರೆಯೇ: ಇಂಜಿನ್ ಶುರುವಾದ ಮೇಲೆ ಎಷ್ಟು ಹೊತ್ತು ಕಾಯುತ್ತಿದ್ದಿರಿ? ಯಾವ ಸದ್ದು ಬಂದರೆ ಹೆದರಿಕೆಯಾಗುತ್ತಿತ್ತು? ಕೈಪಿಡಿಯಲ್ಲಿಲ್ಲದೆ ಹಿರಿಯರು ಬಾಯಲ್ಲೇ ಹೇಳಿಕೊಟ್ಟದ್ದು ಏನು? ಬೇಸಿಗೆಯ ಮಧ್ಯಾಹ್ನ ರನ್‌ವೇಯ ಎಷ್ಟನೇ ಭಾಗ ದಾಟಿದ ಮೇಲೆ ಚಕ್ರ ನೆಲ ಬಿಡುತ್ತಿತ್ತು?